ಗ್ರೈಂಡರ್ ಬೇಡ, ಮೊದಲು ಒಂದು ಗೇಣು ಬಿಡಿಸಿ ನೋಡಿ

ಪ್ರಶ್ನೆ: ಪುಣೆಯ ಕಸಬಾ ಪೇಠದಲ್ಲಿ ನಮ್ಮ ಮಾವನವರ ಕಾಲದ ಮನೆ ಇದೆ. ಹಿಂದಿನ ಪಡಸಾಲೆಯ ಗೋಡೆಗೆ ಗಿಲಾವು ಇಲ್ಲ, ಇಟ್ಟಿಗೆ ಮೇಲೇ ಬಣ್ಣ ಬಳಿಯುತ್ತ ಬಂದಿದ್ದಾರೆ. ಮೇಲಿನ ಹಸಿರು ಆಯಿಲ್ ಪೇಂಟ್ ಅಲ್ಲಲ್ಲಿ ಹಪ್ಪಳದ ಹಾಗೆ ಎದ್ದಿದೆ. ಮಗಳಿಗೆ ಕೆಂಪು ಇಟ್ಟಿಗೆ ಕಾಣಬೇಕಂತೆ. ಪೇಂಟರ್ "ಗ್ರೈಂಡರ್ ಹಿಡಿದರೆ ದೋನ್ ದಿವಸಾತ್ ಕಾಮ್ ಖಲಾಸ್" (ಎರಡು ದಿನದಲ್ಲಿ ಕೆಲಸ ಮುಗೀತು) ಅನ್ನುತ್ತಾನೆ. ನಮ್ಮ ಭಾವ ಆ್ಯಸಿಡ್ ಹಾಕಿ ಅನ್ನುತ್ತಾರೆ. ಯಾವುದು ಸರಿ?
— ಓದುಗರೊಬ್ಬರು, ಪುಣೆ

ಉತ್ತರ: ಎರಡೂ ಬೇಡ. ಗ್ರೈಂಡರ್ ಅಂತೂ ಬೇಡವೇ ಬೇಡ.

ಭಟ್ಟಿಯಲ್ಲಿ ಬೆಂದ ಇಟ್ಟಿಗೆಗೆ ಹೊರಗೆ ಗಟ್ಟಿ ಸಿಪ್ಪೆ, ಒಳಗೆ ಮೆತ್ತನೆ ತಿರುಳು. ಗ್ರೈಂಡರ್ ಬಣ್ಣದ ಜೊತೆ ಆ ಸಿಪ್ಪೆಯನ್ನೂ ಕಿತ್ತುಬಿಡುತ್ತದೆ. ಈ ತಪ್ಪು ನಾನೇ ಮಾಡಿದ್ದೇನೆ. ಹೊಸತರಲ್ಲಿ ಒಂದು ಮನೆಯ ಗೋಡೆಗೆ ಗ್ರೈಂಡರ್ ಹಿಡಿಸಿದ್ದೆ. ಕೆಲಸ ಮುಗಿದ ದಿನ ಎಲ್ಲರಿಗೂ ಖುಷಿ. ಮಳೆಗಾಲ ಕಳೆದ ಮೇಲೆ ಆ ಮನೆಯ ಅಜ್ಜಿ ಫೋನ್ ಮಾಡಿದರು: "ದಿನಾ ಮುಂಜಾನೆ ಗ್ವಾಡಿ ಬುಡಕ ಕೆಂಪು ಪುಡಿ ಗುಡಿಸೋದೇ ಆಗೇದ ನೋಡಪಾ." ಹೋಗಿ ಬೆರಳಿಟ್ಟರೆ ಇಟ್ಟಿಗೆ ಉದುರುತ್ತಿತ್ತು. ಆ ಸಿಪ್ಪೆ ಮತ್ತೆ ಬರುವುದಿಲ್ಲ.

ಇನ್ನು ಆ್ಯಸಿಡ್. ಅದು ಆಯಿಲ್ ಪೇಂಟನ್ನು ಬಿಡಿಸುವುದಿಲ್ಲ, ಇಟ್ಟಿಗೆ ಸಂದಿನ ಸುಣ್ಣದ ಗಾರೆಯನ್ನು ತಿನ್ನುತ್ತದೆ. ಹಳೇ ಪೇಠಗಳ ಮನೆಗಳಲ್ಲಿ ಇಟ್ಟಿಗೆ ಹಿಡಿದಿಟ್ಟಿರುವುದೇ ಆ ಗಾರೆ ಅಲ್ವಾ?

ಹಪ್ಪಳದ ಹಾಗೆ ಎದ್ದಿದೆ ಅಂದಿರಲ್ಲ, ಅದು ಒಳ್ಳೆ ಸುದ್ದಿ. ಒಂದು ಚೂರನ್ನು ಸ್ವಲ್ಪ ಒದ್ದೆ ಮಾಡಿ ಎಬ್ಬಿಸಿ, ಅದರ ಹಿಂಬದಿಯನ್ನು ಬೆರಳಿನಿಂದ ಉಜ್ಜಿ. ಬೆರಳು ಬೆಳ್ಳಗಾದರೆ ಅಡಿಯಲ್ಲಿ ಸುಣ್ಣವಿದೆ. ಸುಣ್ಣದ ಮೇಲೆ ಆಯಿಲ್ ಪೇಂಟ್ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ. ನೀರು ಚಿಮುಕಿಸಿ ಪೇಂಟರ್‌ಗಳ ತಗಡಿನ ಪಟ್ಟಿಯಿಂದ ಮೆಲ್ಲಗೆ ಎಬ್ಬಿಸಿದರೆ ಎಷ್ಟೋ ಭಾಗ ಹಾಗೇ ಬಂದುಬಿಡುತ್ತದೆ. ಉಳಿದ ಸುಣ್ಣಕ್ಕೆ ನೀರು, ನಾರಿನ ಬ್ರಷ್ ಸಾಕು.

ಬಿಡದ ಕಡೆ ಮಾತ್ರ ಪೇಂಟ್ ರಿಮೂವರ್. ತೆಳ್ಳಗಿನದು ಇಟ್ಟಿಗೆ ಒಳಗೆ ಇಳಿಯುತ್ತದೆ, ಪೇಸ್ಟಿನಂಥದ್ದು ತನ್ನಿ. ಮೂಲೆಯಲ್ಲಿ ಒಂದು ಗೇಣು ಜಾಗಕ್ಕೆ ದಪ್ಪಗೆ ಹಚ್ಚಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ. ಬಣ್ಣ ಸುಕ್ಕುಗಟ್ಟಿದ ಮೇಲೆ ಎತ್ತಿ, ಸಂದುಗಳಿಗೆ ಹಳೇ ಟೂತ್ ಬ್ರಷ್ ಹಿಡಿಯಿರಿ. ಒಣಗಲು ಬಿಡಿ. ಇಟ್ಟಿಗೆ ಗಟ್ಟಿಯಾಗಿದ್ದರೆ ಮುಂದುವರಿಯಿರಿ. ಡಬ್ಬಿ ಮೇಲೆ ಡೈಕ್ಲೋರೋಮೀಥೇನ್ ಅಂತಿದ್ದರೆ ವಾಪಸ್ ಕೊಡಿ. ಅದರ ಆವಿ ಗಾಳಿಗಿಂತ ಭಾರ, ಮುಚ್ಚಿದ ಕೋಣೆಯಲ್ಲಿ ಜೀವಕ್ಕೇ ಕುತ್ತು. ಎನ್95 ಮಾಸ್ಕ್ ಧೂಳು ತಡೆಯುತ್ತದೆ, ಆವಿಯನ್ನಲ್ಲ.

ಹಸಿರು ಅಂದ ಕೂಡಲೇ ನನಗೆ ಸೀಸದ (ಲೆಡ್ ಎಂಬ ವಿಷಲೋಹದ) ಚಿಂತೆ. ಮನೆಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಎಂಬ ನಿಯಮ ಜಾರಿಗೆ ಬಂದಿದ್ದೇ 2017ರ ನವೆಂಬರ್‌ನಲ್ಲಿ. ಹಳೇ ಹಸಿರು, ಹಳದಿ ಆಯಿಲ್ ಪೇಂಟುಗಳಲ್ಲಿ ಅದು ಜಾಸ್ತಿ ಇರುವ ಸಂಭವವಿದೆ. ಹಾಗಾಗಿ ಒಣಗಿದ್ದನ್ನು ಕೆರೆಯಬೇಡಿ, ಹೀಟ್ ಗನ್ ತರಬೇಡಿ. ಮಕ್ಕಳು, ಬಸುರಿಯರು ಆ ಕಡೆ ಸುಳಿಯದಿರಲಿ. ಕಸ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ.

ದೀಪಾವಳಿ ಮುಗಿದ ಮೇಲೆ ಶುರು ಮಾಡಿ. ಮೇ ಬಿಸಿಲಿಗೆ ರಿಮೂವರ್ ಬೇಗ ಒಣಗುತ್ತದೆ, ಮಳೆಯಲ್ಲಿ ಗೋಡೆಯೇ ಒಣಗುವುದಿಲ್ಲ. ಸಂದು ಬಿಟ್ಟಲ್ಲಿ ಸುಣ್ಣ-ಮರಳಿನ ಗಾರೆಯನ್ನೇ ತುಂಬಿಸಿ, ಸಿಮೆಂಟ್ ಬೇಡ. ಹೊಳಪಿನ ವಾರ್ನಿಷ್ ಸಹ ಬೇಡ, ಗೋಡೆಯೊಳಗಿನ ತೇವ ಹೊರಬರಲು ದಾರಿ ಬೇಕು. ಬಿಳಿ ಉಪ್ಪು ಹೂ ಬಿಟ್ಟಂತೆ ಕಂಡರೆ ಒಣ ಬ್ರಷ್ಷಿನಿಂದ ಉದುರಿಸಿ, ತೊಳೆಯಬೇಡಿ.

ಮಗಳಿಗೆ ಮೊದಲೇ ಹೇಳಿಬಿಡಿ, ಇಟ್ಟಿಗೆಯ ಸಣ್ಣ ಗುಳಿಗಳಲ್ಲಿ ಹಸಿರು ಸ್ವಲ್ಪ ಉಳಿಯುತ್ತದೆ. ಕೆಫೆಗಳಲ್ಲಿ ಕಾಣುವ ಒಂದೇ ಸಮನೆ ಕೆಂಪು ಗೋಡೆ ಎಷ್ಟೋ ಕಡೆ ಅಂಟಿಸಿದ ಟೈಲ್ಸ್.

ಪೇಂಟರ್ ಜೊತೆ ಚದರಡಿ ಲೆಕ್ಕದ ಮಾತು ಬೇಡ, ದಿನಗೂಲಿ ಮಾತಾಡಿ. ಚದರಡಿ ಲೆಕ್ಕ ಅಂದರೆ ನೀವು ಚಹಾ ಮಾಡಲು ಒಳಗೆ ಹೋದಾಗ ಗ್ರೈಂಡರ್ ಹೊರಗೆ ಬರುತ್ತದೆ.