ವಾಲ್‌ಜೀನ್ ಕೋರ್ಟಿಗೆ ಹೋಗಿದ್ದೇಕೆ?
ಕದ್ದ ಬೆಳ್ಳಿ ಸಾಮಾನನ್ನು ಬಿಷಪ್ ಅವನಿಗೇ ಕೊಟ್ಟು ಕಳಿಸಿದಾಗಲೇ ವಿಕ್ಟರ್ ಹ್ಯೂಗೋನ ಫ್ರೆಂಚ್ ಕಾದಂಬರಿ 'ಲೆ ಮಿಸರಾಬ್ಲ್'ನ ಮಾಜಿ ಕೈದಿ ಜೀನ್ ವಾಲ್‌ಜೀನ್ ಬದಲಾದನಲ್ಲ, ಮತ್ತೆ ತಾನಾಗಿ ಸಿಕ್ಕಿಬಿದ್ದಿದ್ದೇಕೆ ಎಂದು ಕೇಳಿದ್ದೀರಿ. ಅಷ್ಟು ಬೇಗ ಎಲ್ಲಿ ಬದಲಾದ? ಅದಾದ ಮೇಲೂ ಒಬ್ಬ ಪುಟ್ಟ ಹುಡುಗನ 40 ಸೂ (ಆಗಿನ ಫ್ರಾನ್ಸಿನ ಚಿಲ್ಲರೆ ಹಣ) ನಾಣ್ಯ ಲಪಟಾಯಿಸಿದ್ದ! ರೊಟ್ಟಿ ಕದ್ದದ್ದಕ್ಕೆ 5 ವರ್ಷ ಜೈಲು, ತಪ್ಪಿಸಿಕೊಳ್ಳಲು ನೋಡಿದ್ದಕ್ಕೆ ಇನ್ನೂ 14. ಆ ಸಿಟ್ಟು ಒಂದೇ ರಾತ್ರಿಗೆ ಇಳಿಯೋದಿಲ್ಲ ಅಲ್ವಾ.

ಮುಂದೆ ಹೆಸರು ಬದಲಿಸಿಕೊಂಡು ಒಂದು ಊರಿನಲ್ಲಿ ಕಾರ್ಖಾನೆ ನಡೆಸಿ ಮೇಯರ್ ಆದ. ಆಗ ಫ್ರಾನ್ಸಿನ ಅರಾಸ್ ಊರಿನ ಕೋರ್ಟಿನಲ್ಲಿ ಬೇರೊಬ್ಬ ಬಡವನನ್ನು ವಾಲ್‌ಜೀನ್ ಎಂದುಕೊಂಡು ಶಿಕ್ಷಿಸಲು ಹೊರಟಿದ್ದರು. ಸುಮ್ನಿದ್ದರೆ ಮೇಯರ್ ಪಟ್ಟ ಉಳಿಯುತ್ತಿತ್ತು, ಊರಿನವರ ಕೂಲಿಯೂ ಉಳಿಯುತ್ತಿತ್ತು. ರಾತ್ರಿಯಿಡೀ ಒದ್ದಾಡಿದ, ಆದರೂ ಹೋಗಿ ಒಪ್ಪಿಕೊಂಡ. ನನ್ನನ್ನು ಜಾಸ್ತಿ ಕಾಡುವುದು ಆಮೇಲಿನ ಕಥೆ. ಅವನಿಲ್ಲದೆ ಕಾರ್ಖಾನೆ ನೆಲಕಚ್ಚಿತು, ಊರೇ ಬಡವಾಯಿತು. 1862ರ ಈ ಕಾದಂಬರಿಯಲ್ಲಿ ಹ್ಯೂಗೋ ಅದನ್ನೂ ಮುಚ್ಚಿಡಲಿಲ್ಲ.