ಹಳೆಯದನ್ನು ಕೆದಕುವುದು ಅವಿಶ್ವಾಸವೇ?

ತೀರ್ಥಹಳ್ಳಿ ಕಡೆಯ ಸಹೋದರಿಗೆ,

ಮಳೆಗಾಲದಲ್ಲಿ ಬಚ್ಚಲೊಲೆಯ ಹೊಗೆ ಮೂಗಿಗೆ ಬಡಿದರೆ ಸಾಕು, ಕುಡಿದು ಬಂದ ತಂದೆ ತಾಯಿಯನ್ನು ಹೊಡೆಯುತ್ತಿದ್ದ ರಾತ್ರಿಗಳು ನೆನಪಾಗಿ ನಲವತ್ತು ದಾಟಿದ ಈ ವಯಸ್ಸಿನಲ್ಲೂ ಕೈ ನಡುಗುತ್ತದೆ ಎಂದು ಬರೆದಿದ್ದೀರಿ. ಹಿಂದಿನದನ್ನು ಮರೆಯಬೇಕೆಂದು ಬೈಬಲಿನಲ್ಲಿ ಅಪೊಸ್ತಲ ಪೌಲನೇ ಹೇಳಿರುವಾಗ, ಶಿವಮೊಗ್ಗಕ್ಕೆ ಹೋಗಿ ಕ್ರೈಸ್ತ ಆಪ್ತಸಮಾಲೋಚಕರೆದುರು ಅದನ್ನೆಲ್ಲ ಕೆದಕುವುದು ಅವಿಶ್ವಾಸವಲ್ಲವೇ ಎಂದು ಕೇಳಿದ್ದೀರಿ.

ಅಲ್ಲ. ಆ ಮಾತು ಫಿಲಿಪ್ಪಿಯವರಿಗೆ ಬರೆದ ಪತ್ರದ 3ನೇ ಅಧ್ಯಾಯದ 13ನೇ ವಚನದಲ್ಲಿದೆ. ಅದೇ ಅಧ್ಯಾಯದ 5 ಮತ್ತು 6ನೇ ವಚನಗಳಲ್ಲಿ ಪೌಲನು ತನ್ನ ಕುಲವನ್ನೂ ಕ್ರೈಸ್ತ ಸಭೆಯನ್ನು ತಾನು ಹಿಂಸಿಸಿದ್ದನ್ನೂ ಬಿಚ್ಚಿ ಹೇಳಿಕೊಂಡಿದ್ದಾನೆ. ನೆನಪನ್ನೇ ಅಳಿಸಿಕೊಂಡವನು ಹಾಗೆ ಬರೆಯಲಾರ.

ನಿಮ್ಮ ಹೊಗೆಯ ಮಾತು ಓದಿದಾಗ ನನಗೆ ನೆನಪಾದವನು ಯೇಸುವಿನ ಶಿಷ್ಯ ಪೇತ್ರ. ಮಹಾಯಾಜಕನ ಅಂಗಳದಲ್ಲಿ ಇದ್ದಲ ಬೆಂಕಿ ಕಾಯಿಸಿಕೊಳ್ಳುತ್ತ ಅವನು ಯೇಸುವನ್ನು ಅರಿಯೆನೆಂದನು. ಪುನರುತ್ಥಾನದ ನಂತರ ಯೇಸು ಅವನನ್ನು ಊಟಕ್ಕೆ ಕರೆದು, ನನ್ನನ್ನು ಪ್ರೀತಿಸುತ್ತೀಯಾ ಎಂದು ಮೂರು ಸಲ ಪ್ರಶ್ನಿಸಿದ್ದು ಕೆರೆಯ ದಡದ ಇನ್ನೊಂದು ಇದ್ದಲ ಬೆಂಕಿಯ ಬಳಿ. ಇದ್ದಲ ಬೆಂಕಿಗೆ ಸುವಾರ್ತೆ ಬರೆದ ಯೋಹಾನನು ಬಳಸಿದ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಬರುವುದು ಈ ಎರಡೇ ಕಡೆ. ನೋವಿನ ನೆನಪಿನ ಬಳಿಗೆ ಪೇತ್ರನನ್ನು ಮರಳಿ ಕರೆತಂದವನು ಅಲ್ಲಿ ಅವನನ್ನು ಒಂಟಿಯಾಗಿ ಬಿಡಲಿಲ್ಲ.

ಒಳ್ಳೆಯ ಸಮಾಲೋಚಕರು ಮಾಡುವುದೂ ಇದನ್ನೇ. ಅವರು ಉಪದೇಶಕ್ಕೆ ಆತುರಪಡದೆ ಕೇಳಿಸಿಕೊಳ್ಳುತ್ತಾರೆ. ನಡೆದದ್ದು ಯಾವುದು, ಎಂಟು ವರ್ಷದ ಮಗು ಅದನ್ನು ಅರ್ಥಮಾಡಿಕೊಂಡ ಬಗೆ ಯಾವುದು ಎಂಬುದನ್ನು ನಿಮ್ಮ ಜೊತೆ ಕೂತು ಬಿಡಿಸಿ ನೋಡುತ್ತಾರೆ. "ನಾನು ಅಡ್ಡ ಹೋಗಿದ್ದರೆ ಅಮ್ಮನಿಗೆ ಪೆಟ್ಟು ಬೀಳುತ್ತಿರಲಿಲ್ಲ" ಎಂದು ಬರೆದಿದ್ದೀರಲ್ಲ, ಆ ಅಪರಾಧ ನಿಮ್ಮದಲ್ಲ, ಪಾಪನಿವೇದನೆಯಲ್ಲಿ ಹೇಳಿಕೊಳ್ಳಬೇಕಾದದ್ದೂ ಅಲ್ಲ. ಅಳುವುದಕ್ಕೂ ಅಂಜಬೇಡಿ. ಬೈಬಲಿನ 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಅದು ಪ್ರಾರ್ಥನೆಯೇ.

ಹಾಸಿಗೆ ಹಿಡಿದಿರುವ ತಂದೆಯನ್ನು ಈಗಲೇ ಕ್ಷಮಿಸಬೇಕೆಂದು ಯಾರಾದರೂ ಒತ್ತಾಯಿಸಿದರೆ ಒಪ್ಪಬೇಡಿ. ಏನನ್ನು ಕ್ಷಮಿಸುತ್ತಿದ್ದೇನೆಂದು ತಿಳಿಯದೆ ಆಡಿದ ಕ್ಷಮೆಯ ಮಾತು ಬಾಯಿಯಲ್ಲೇ ಉಳಿಯುತ್ತದೆ. ನಿದ್ದೆಗೆಟ್ಟಿದ್ದರೆ, ಬದುಕೇ ಬೇಡವೆನಿಸಿದರೆ ಮನೋವೈದ್ಯರನ್ನೂ ಕಾಣಿರಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ. ಪ್ರಾರ್ಥನೆಗೂ ಔಷಧಕ್ಕೂ ವಿರೋಧವಿಲ್ಲ.

ಶಿವಮೊಗ್ಗಕ್ಕೆ ಹೋಗಿ ಬನ್ನಿ. ಎಲ್ಲವನ್ನೂ ಒಂದೇ ದಿನ ಹೇಳಬೇಕಾಗಿಲ್ಲ. ಮೊದಲ ಸಲ ಆ ಒಲೆಯ ಹೊಗೆಯ ವಿಷಯವನ್ನಷ್ಟೇ ಹೇಳಿದರೂ ಸಾಕು.

— ಸಂಪಾದಕ