ಅಗ್ರಿಮೆಂಟ್ ನಡುವೆ ಸಿಗರೇಟ್ ಬೇಡ ಅಂದರೆ?

ನಿಮ್ಮದು ಬೆಂಗಳೂರಿನ ಬಾಡಿಗೆ ಫ್ಲಾಟ್, 11 ತಿಂಗಳ ಅಗ್ರಿಮೆಂಟ್, ನಾಲ್ಕು ತಿಂಗಳು ಆಗಿದೆ. ಈಗ ಓನರ್ ವಾಟ್ಸಾಪ್‌ನಲ್ಲಿ, ಮುಂದಿನ ತಿಂಗಳಿಂದ ಮನೆಯೊಳಗೆ, ಬಾಲ್ಕನಿಯಲ್ಲಿ ಸಿಗರೇಟ್ ಸೇದಬಾರದು, ಸೇದಿದರೆ ಅಡ್ವಾನ್ಸ್‌ನಲ್ಲಿ ಹಿಡಿಯುತ್ತೇನೆ ಅಂದಿದ್ದಾರೆ, ಅಲ್ವಾ?

ಮೊದಲು ಅಗ್ರಿಮೆಂಟ್ ತೆಗೆದು ಪೂರ್ತಿ ಓದಿ. ಅದರಲ್ಲಿ ಈ ಮಾತು ಇಲ್ಲದಿದ್ದರೆ, ನಡುವೆ ಅವರೊಬ್ಬರೇ ಸೇರಿಸಲು ಬರುವುದಿಲ್ಲ. 1872ರ ಕರಾರು ಕಾಯ್ದೆ ಪ್ರಕಾರ ಷರತ್ತು ಬದಲಾಗಬೇಕಾದರೆ ಇಬ್ಬರೂ ಒಪ್ಪಬೇಕು. ಹಾಗಾಗಿ ಸುಮ್ನೆ ‘ಸರಿ ಸರ್’ ಅಂತ ಉತ್ತರ ಕಳಿಸಬೇಡಿ. ನಾಳೆ ಅದನ್ನೇ ಒಪ್ಪಿಗೆ ಎಂದು ತೋರಿಸಬಹುದು. ‘ಅಗ್ರಿಮೆಂಟ್‌ನಲ್ಲಿ ಇದಿಲ್ಲ, ಕೂತು ಮಾತಾಡೋಣ’ ಎಂದು ಮರ್ಯಾದೆಯಿಂದ ಬರೆಯಿರಿ.

ಅಪಾರ್ಟ್‌ಮೆಂಟ್ ಅಸೋಸಿಯೇಷನ್ ನಿಯಮ ಪಾಲಿಸುತ್ತೇನೆ ಎಂಬ ಸಾಲು ಅಗ್ರಿಮೆಂಟ್‌ನಲ್ಲಿ ಇದೆಯಾ ಅಂತಲೂ ನೋಡಿ. ಇದ್ದರೆ, ಸಿಗರೇಟ್ ಬಗ್ಗೆ ಅವರ ನಿಯಮ ಏನಿದೆ ಅಂತ ಕೇಳಿ. ಲಿಫ್ಟ್, ಮೆಟ್ಟಿಲು, ಪಾರ್ಕಿಂಗ್‌ನಲ್ಲಂತೂ ಸೇದಲೇಬೇಡಿ. 2003ರ ತಂಬಾಕು ಕಾಯ್ದೆ ತಡೆಯುವುದು ಸಾರ್ವಜನಿಕ ಜಾಗದಲ್ಲಿ ಸೇದುವುದನ್ನು, ನಿಮ್ಮ ಬೆಡ್‌ರೂಮ್‌ನಲ್ಲಿ ಅಲ್ಲ.

ಆದರೆ ಗೋಡೆಗೆ ಹಳದಿ ಬಣ್ಣ ಹತ್ತಿದರೆ, ಪರದೆ ಸುಟ್ಟು ತೂತಾದರೆ ಅದರ ಖರ್ಚು ನಿಮ್ಮ ಮೇಲೇ ಬರಬಹುದು. ಇವತ್ತೇ ಎಲ್ಲ ರೂಮಿನ ಫೋಟೋ ತೆಗೆದಿಡಿ. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯುವ ಷರತ್ತು ಮೊದಲೇ ಇದ್ದರೆ, ಅದೇ ಗೋಡೆಗೆ ಎರಡು ಸಲ ಹಿಡಿಯಲು ಬಿಡಬೇಡಿ.

ಒಂದು ಮಾತು, ಬೇಜಾರಾಗಬೇಡಿ. ನಮ್ಮ ಕೆಳಗಿನ ಮನೆಯವರು ಬಾಲ್ಕನಿಯಲ್ಲಿ ಸೇದಿದರೆ ಒಣಹಾಕಿದ ಮಗುವಿನ ಬಟ್ಟೆಗೆಲ್ಲ ವಾಸನೆ ಹಿಡಿಯುತ್ತಿತ್ತು. ನಿಮ್ಮ ಮೇಲಿನ ಮನೆಯವರು ದೂರು ಕೊಟ್ಟಿದ್ದಾರಾ ಎಂದು ಓನರ್‌ನ ಕೇಳಿ. ಹಾಗಿದ್ದರೆ ಬಾಲ್ಕನಿ ಬಿಟ್ಟುಬಿಡಿ. ಇನ್ನೊಂದು, 11 ತಿಂಗಳು ಮುಗಿದು ಹೊಸ ಅಗ್ರಿಮೆಂಟ್ ಮಾಡುವಾಗ ಅವರು ಈ ಷರತ್ತು ಹಾಕಬಹುದು. ಒಪ್ಪುವುದು, ಬಿಡುವುದು ಆಗ ನಿಮಗೆ ಬಿಟ್ಟದ್ದು.